ಪಟಗ್ರಂಥಶಾಸ್ತ್ರ ಪ್ರವೇಶಿಕೆ

ಒಂದು: ಅನುಬಂಧಚತುಷ್ಟಯ

ಶಾಸ್ತ್ರವೆಂದು ಕರೆಸಿಕೊಳ್ಳಬಯಸುವ ಯಾವುದೇ ವ್ಯಾಸಂಗವು ಆರಂಭದಲ್ಲಿಯೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಇವೆರಡರ ಸಂಬಂಧವೇನು, ಅಧಿಕಾರಿ ಯಾರು. ಪ್ರಸ್ತುತ ಶಾಸ್ತ್ರದ ವಿಷಯ, ಎಳೆಯ ಮಕ್ಕಳಿಗೆ ವಸ್ತ್ರಧಾರಣೆಯನ್ನು ಕಲಿಸಲೆಂದು ಬಟ್ಟೆಯಿಂದಲೇ ಹೊಲಿದ ಪುಸ್ತಕ. ಇದರ ಒಂದು ಪುಟದಲ್ಲಿ ಕರಡಿಯ ಅಂಗಿಗೆ ಗುಂಡಿ, ಇನ್ನೊಂದರಲ್ಲಿ ಜಾಕೀಟಿಗೆ ಜಿಪ್ಪು, ಮತ್ತೊಂದರಲ್ಲಿ ಬೂಟಿಗೆ ಲೇಸು, ಮಗದೊಂದರಲ್ಲಿ ಚಡ್ಡಿಗೆ ಬೆಲ್ಟು. ಪ್ರಯೋಜನ, ಶಿಶುವು ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದು. ವಿಷಯಕ್ಕೂ ಪ್ರಯೋಜನಕ್ಕೂ ಸಂಬಂಧವುಂಟೆಂದು ಪೆಟ್ಟಿಗೆಯ ಮೇಲೆ ಮುದ್ರಿತವಾಗಿದೆ. ಉಂಟೋ ಇಲ್ಲವೋ ಎಂಬ ಪರೀಕ್ಷೆಯೇ ಈ ಪ್ರಬಂಧ. ಅಧಿಕಾರಿಯು ಜೀವಮಾನದಲ್ಲಿ ಒಮ್ಮೆಯಾದರೂ ಇನ್ನೊಬ್ಬರ ಕೈಯಿಂದ ಗುಂಡಿ ಹಾಕಿಸಿಕೊಂಡವನಾಗಿರಬೇಕು. ಈ ಅರ್ಹತೆಯಿಂದ ಹೊರಗುಳಿದವರು ಇಲ್ಲವಾದ್ದರಿಂದ ಶಾಸ್ತ್ರವು ಸಾರ್ವತ್ರಿಕ.

ಹೆಸರಿನ ಬಗ್ಗೆ ಒಂದು ಮಾತು. 'ಗ್ರಂಥ' ಶಬ್ದದ ಮೂಲಧಾತುವಿಗೆ ಕಟ್ಟು, ಪೋಣಿಸು, ಗಂಟುಹಾಕು ಎಂದರ್ಥ. 'ಗ್ರಂಥಿ' ಎಂದರೆ ಗಂಟು. 'ಸೂತ್ರ' ಎಂದರೆ ದಾರ. ನಮ್ಮ ಗ್ರಂಥಾಲಯಗಳಲ್ಲಿರುವ ಸಹಸ್ರಾರು ಗ್ರಂಥಗಳಲ್ಲಿ ಗಂಟು ಹಾಕಲು ಬರುವಂಥದು ಒಂದೂ ಇಲ್ಲ. ಧಾತ್ವರ್ಥಕ್ಕೆ ನಿಷ್ಠವಾಗಿ ಗ್ರಂಥವೆನಿಸಿಕೊಳ್ಳುವ ಯೋಗ್ಯತೆ ಬೂಟಿನ ಲೇಸುಳ್ಳ ಈ ಬಟ್ಟೆಪುಸ್ತಕಕ್ಕೆ ಮಾತ್ರ ಉಂಟು. ಆದಕಾರಣ ಇದನ್ನು ಪಟಗ್ರಂಥವೆಂದೂ, ಇದರ ಅಧ್ಯಯನವನ್ನು ಪಟಗ್ರಂಥಶಾಸ್ತ್ರವೆಂದೂ ಇಲ್ಲಿಂದ ಮುಂದೆ ವ್ಯವಹರಿಸಲಾಗುವುದು.

ಎರಡು: ಲಕ್ಷಣಪರೀಕ್ಷೆ

ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ಮುಕ್ತವಾಗಿರಬೇಕು. 'ಬಟ್ಟೆಯಿಂದಾದ ಪುಸ್ತಕವೇ ಪಟಗ್ರಂಥ' ಎಂಬುದು ಪ್ರಥಮ ಪಕ್ಷ. ಇದಕ್ಕೆ ಕಡತದಲ್ಲಿ ಅತಿವ್ಯಾಪ್ತಿ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತ ಕನ್ನಡನಾಡಿನಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸ ಬಲ್ಲವರಿಗೆ ಪರಿಚಿತ. ಅದು ಬಟ್ಟೆಯೂ ಹೌದು, ಪುಸ್ತಕವೂ ಹೌದು, ಆದರೆ ಅದರಿಂದ ಯಾರೂ ಗುಂಡಿ ಹಾಕಲು ಕಲಿತದ್ದಿಲ್ಲ. ಇಂದು ಬಟ್ಟೆ ಹೋಗಿ ಹೆಸರು ಮಾತ್ರ ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೆ ಉಳಿದುಬಂದಿದೆ. ಆ ಕಡತಕ್ಕೂ ದಾರವುಂಟು, ಗಂಟೂ ಉಂಟು. ಆದರೆ ಗಂಟನ್ನು ಬಿಚ್ಚುವ ಕೌಶಲವನ್ನು ಬೆಳೆಸುವುದು ಅದರ ಉದ್ದೇಶಗಳಲ್ಲಿ ಸೇರಿಲ್ಲ.

'ಗುಂಡಿ, ಜಿಪ್ಪು ಮೊದಲಾದ ಬಂಧಗಳುಳ್ಳ ಬಟ್ಟೆಯ ವಸ್ತು' ಎಂಬುದು ದ್ವಿತೀಯ ಪಕ್ಷ. ಇದಕ್ಕೆ ಸಾಕ್ಷಾತ್ ಅಂಗಿಯಲ್ಲಿಯೇ ಅತಿವ್ಯಾಪ್ತಿ. ಆದ್ದರಿಂದ ಸಿದ್ಧಾಂತಲಕ್ಷಣ ಹೀಗೆ: ಪುಟಗಳುಳ್ಳದ್ದೂ, ಬಂಧಗಳುಳ್ಳದ್ದೂ, ಧರಿಸಲು ಬಾರದ್ದೂ ಆದ ಬಟ್ಟೆಯ ವಸ್ತು ಪಟಗ್ರಂಥ. 'ಧರಿಸಲು ಬಾರದ್ದು' ಎಂಬ ಮೂರನೆಯ ವಿಶೇಷಣವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಒಂಬತ್ತನೆಯ ಪ್ರಕರಣದಲ್ಲಿ ಅದು ಮತ್ತೆ ಬರುತ್ತದೆ. ಶಿಶುವು ಪಟಗ್ರಂಥವನ್ನು ತೆರೆದು ತಲೆಯ ಮೇಲೆ ಕವುಚಿಕೊಂಡಾಗ ಲಕ್ಷಣಕ್ಕೆ ಭಂಗವಾಗುವುದಿಲ್ಲವೇ ಎಂಬ ಆಕ್ಷೇಪವುಂಟು. ಆಗುವುದಿಲ್ಲ. ತಲೆಗೂ ಗ್ರಂಥಕ್ಕೂ ಅಲ್ಲಿ ಇರುವುದು ಸಂಯೋಗ ಮಾತ್ರ, ಬಂಧವಲ್ಲ. ಶಿಶು ನಡೆಯಲಾರಂಭಿಸಿದ ಕೂಡಲೇ ಗ್ರಂಥ ಕೆಳಗೆ ಬೀಳುವುದೇ ಇದಕ್ಕೆ ಪ್ರಮಾಣ.

ಮೂರು: ಪರಂಪರೆ

ಬಟ್ಟೆಪುಸ್ತಕದ ಆಧುನಿಕ ಪರಂಪರೆಯಲ್ಲಿ ಮೂರು ಪ್ರವಾಹಗಳು ಸಂಗಮಿಸಿವೆ. ಮೊದಲನೆಯದು ಭಕ್ಷಣನಿರೋಧಕ ಪ್ರವಾಹ. ಶಿಶುವು ಪುಸ್ತಕವನ್ನು ಹರಿಯುತ್ತದೆ ಮತ್ತು ತಿನ್ನುತ್ತದೆ ಎಂಬ ಅನುಭವಸಿದ್ಧ ಸತ್ಯವನ್ನು ಅಂಗೀಕರಿಸಿ, 1903ರಲ್ಲಿ ಲಂಡನ್ನಿನ ಡೀನ್ಸ್ ರ‍್ಯಾಗ್ ಬುಕ್ ಕಂಪನಿ ಬಟ್ಟೆಯ ಮೇಲೆ ಅಚ್ಚುಹಾಕಿದ ಪುಸ್ತಕಗಳನ್ನು ಹೊರತಂದಿತು. ಎರಡನೆಯದು ಸ್ವಾವಲಂಬನ ಪ್ರವಾಹ. 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಮಾರಿಯಾ ಮಾಂಟೆಸ್ಸೊರಿ ತೆರೆದ ಮಕ್ಕಳ ಮನೆಯ ಪದ್ಧತಿಯಲ್ಲಿ ಮರದ ಚೌಕಟ್ಟಿಗೆ ಎರಡು ಬಟ್ಟೆಯ ತುಂಡುಗಳನ್ನು ಬಿಗಿದು, ನಡುವೆ ಗುಂಡಿ, ಕೊಕ್ಕೆ, ಲೇಸು, ರಿಬ್ಬನ್ನುಗಳನ್ನಿಟ್ಟ ಉಪಕರಣಗಳು ಪ್ರಸಿದ್ಧ. ಆ ಮಹಿಳೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟದ್ದರಿಂದ ದಕ್ಷಿಣಭಾರತದ ಶಿಶುವಿಹಾರಗಳಿಗೆ ಈ ಚೌಕಟ್ಟುಗಳು ಅನ್ಯವಲ್ಲ. ಮೂರನೆಯದು ಮೌನಸಾಧಕ ಪ್ರವಾಹ. ಅಮೆರಿಕದ ಚರ್ಚುಗಳಲ್ಲಿ ಪ್ರಾರ್ಥನೆಯ ಹೊತ್ತು ಮಗು ಗಲಾಟೆ ಮಾಡದಿರಲೆಂದು ತಾಯಂದಿರು ಹೊಲಿದುಕೊಳ್ಳುತ್ತಿದ್ದ ಪುಸ್ತಕ ಇದರ ಮೂಲ. ಇಂಗ್ಲಿಷಿನಲ್ಲಿ ಅದರ ಹೆಸರೇ 'ಸದ್ದಿಲ್ಲದ ಪುಸ್ತಕ' ಎಂಬರ್ಥದ್ದು.

ಮರದ ಚೌಕಟ್ಟನ್ನು ಕಳಚಿ, ಬಟ್ಟೆಯ ಬೆನ್ನಿಗೆ ಹೊಲಿದು, ಮಗುವಿನ ಬಾಯಿಗೆ ತಡೆದುಕೊಳ್ಳುವಂತೆ ಮಾಡಿ, ಹಿರಿಯರಿಗೆ ಅರ್ಧ ಗಂಟೆಯ ನಿಶ್ಶಬ್ದವನ್ನು ದಯಪಾಲಿಸುವ ಸಮುಚ್ಚಯವೇ ಇಂದಿನ ಪಟಗ್ರಂಥ. ಉತ್ತರ ಕರ್ನಾಟಕದ ಕೌದಿಯನ್ನು ಇದರ ಪೂರ್ವಜವೆಂದು ಪರಿಗಣಿಸಬೇಕೆಂಬ ವಾದವಿದೆ. ಹಳೆಯ ಸೀರೆಯ ತುಂಡುಗಳ ಮೇಲೆ ಬೆರಳಿಟ್ಟು 'ಇದು ಅಜ್ಜಿಯ ಇಳಕಲ್ಲು, ಇದು ಅತ್ತೆಯ ಮದುವೆಯದು' ಎಂದು ಓದಬಹುದಾದ್ದರಿಂದ ಕೌದಿ ಪಠ್ಯವೇ ಸರಿ. ಆದರೆ ಅದಕ್ಕೆ ಪುಟವೊಂದೇ, ಬಂಧ ಶೂನ್ಯ, ಮೇಲಾಗಿ ಹೊದೆಯಲು ಬರುತ್ತದೆ. ವಾದ ಬಿದ್ದುಹೋಗುತ್ತದೆ.

ನಾಲ್ಕು: ಧಾತುಪಾಠ

ಕನ್ನಡವು ವಸ್ತ್ರಧಾರಣೆಯ ವಿಷಯದಲ್ಲಿ ಅಸಾಧಾರಣ ಸೂಕ್ಷ್ಮತೆಯ ಭಾಷೆ. ಪಂಚೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ರುಮಾಲು ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಹೂವು ಮುಡಿಯುತ್ತೇವೆ. ಹೊಲಿಗೆಯಿಲ್ಲದ್ದನ್ನು ದೇಹಕ್ಕೆ ಬಳಸಿಕೊಳ್ಳುವುದು ಉಡುಗೆ, ಹೊಲಿದದ್ದರೊಳಕ್ಕೆ ದೇಹವನ್ನು ತೂರಿಸುವುದು ತೊಡುಗೆ. 'ಉಡುಗೆತೊಡುಗೆ' ಎಂಬ ಜೋಡುನುಡಿ ಪುನರುಕ್ತಿಯಲ್ಲ, ವರ್ಗೀಕರಣ. ಪ್ರಚಲಿತ ಪಟಗ್ರಂಥಗಳನ್ನು ಈ ಆರು ಧಾತುಗಳ ಒರೆಗಲ್ಲಿಗೆ ತಿಕ್ಕಿದಾಗ ತೊಡು ಮತ್ತು ಮೆಟ್ಟು ಎಂಬ ಎರಡೇ ಧಾತುಗಳು ಅವುಗಳಲ್ಲಿ ನೆಲೆಸಿರುವುದು ಕಂಡುಬರುತ್ತದೆ. ಉಳಿದ ನಾಲ್ಕಕ್ಕೆ ಪುಟವಿಲ್ಲ. ಶಿಶುವರ್ಗವಾದರೋ ಆರನ್ನೂ 'ಹಾಕು' ಎಂಬ ಏಕಧಾತುವಿನಲ್ಲಿ ಲಯಗೊಳಿಸಿದೆ. ಅಂಗಿಯನ್ನೂ ಚಪ್ಪಲಿಯನ್ನೂ ಹೂವನ್ನೂ ಅದು ಹಾಕಿಕೊಳ್ಳುತ್ತದೆ. ಈ ಅದ್ವೈತವನ್ನು ತಿದ್ದುವುದು ಪಟಗ್ರಂಥದ ಶಕ್ತಿಗೆ ಮೀರಿದ ಕಾರ್ಯ.

ಐದು: ಬಂಧಷಟ್ಕ

ಬಟ್ಟೆಯ ಎರಡು ಅಂಚುಗಳು ಬೇರೆಯಾಗಿದ್ದು, ಇಚ್ಛಾನುಸಾರ ಒಂದಾಗಿ, ಇಚ್ಛಾನುಸಾರ ಮತ್ತೆ ಬೇರೆಯಾಗುವ ವ್ಯವಸ್ಥೆಗೆ ಬಂಧವೆಂದು ಹೆಸರು. ಹೊಲಿಗೆ ಬಂಧವಲ್ಲ, ಇಚ್ಛೆಯಿಂದ ಬಿಡುವುದಿಲ್ಲವಾದ್ದರಿಂದ. ಹರುಕು ಬಂಧವಲ್ಲ, ಇಚ್ಛೆಯಿಂದ ಕೂಡುವುದಿಲ್ಲವಾದ್ದರಿಂದ. ಪಟಗ್ರಂಥಗಳಲ್ಲಿ ದೊರೆಯುವ ಬಂಧಗಳು ಆರು.

1. ರಂಧ್ರಬಂಧ, ಅಂದರೆ ಗುಂಡಿ ಮತ್ತು ಕಾಜ. ಗುಂಡಿಯನ್ನು ಓರೆಯಾಗಿ ತಿರುಗಿಸಿ ಅಂಚಿನಿಂದ ಕಾಜದೊಳಕ್ಕೆ ತೂರಿಸಬೇಕು. ಅರ್ಧ ತೂರಿದ ಕ್ಷಣದಲ್ಲಿ ತೂರಿಸುತ್ತಿದ್ದ ಕೈ ಅದನ್ನು ಬಿಡಬೇಕು. ಕಾಜವನ್ನು ಹಿಡಿದಿದ್ದ ಕೈ ಆಚೆಯಿಂದ ಅದನ್ನು ಸೆಳೆದುಕೊಳ್ಳಬೇಕು. ಈ ಹಸ್ತಾಂತರಕ್ಷಣವೇ ರಂಧ್ರಬಂಧದ ಮರ್ಮಸ್ಥಾನ. ಎರಡು ಕೈಗಳು ಏಕಕಾಲದಲ್ಲಿ ಎರಡು ಭಿನ್ನ ಕಾರ್ಯಗಳನ್ನು ಮಾಡುವುದು ಇಲ್ಲಿ ಅಗತ್ಯ, ಶಿಶುವಿನ ಸ್ವಭಾವವಾದರೋ ಎರಡು ಕೈಗಳನ್ನೂ ಒಂದೇ ಕಾರ್ಯಕ್ಕೆ ಹಚ್ಚುವುದು. ಇದರಲ್ಲಿ ಉಪಭೇದಗಳು ಎರಡು. ದರ್ಜಿಯು ಅಂಚಿಗೆ ಒತ್ತೊತ್ತಾಗಿ ದಾರ ಸುತ್ತಿದ್ದು ಸ್ಯೂತಕಾಜ. ಫೆಲ್ಟ್ ಬಟ್ಟೆಯಲ್ಲಿ ಕತ್ತರಿಯಿಂದ ಸೀಳಿ ಬಿಟ್ಟದ್ದು ಛಿನ್ನಕಾಜ. ಪಟಗ್ರಂಥದಲ್ಲಿ ಬಹುಮಟ್ಟಿಗೆ ಎರಡನೆಯದೇ ಉಂಟು. ಅದು ದಿನೇ ದಿನೇ ಅಗಲವಾಗಿ ಶಿಶುವಿನ ಪ್ರಗತಿಯೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಗಂಡಸರ ಅಂಗಿಯಲ್ಲಿ ಗುಂಡಿಯನ್ನು ಬಲಮಗ್ಗುಲಿಗೂ ಹೆಂಗಸರದರಲ್ಲಿ ಎಡಮಗ್ಗುಲಿಗೂ ಹೊಲಿಯುವುದು ರೂಢಿ. ಕರಡಿಯ ವಿಷಯದಲ್ಲಿ ರೂಢಿ ಇನ್ನೂ ಸ್ಥಿರಪಟ್ಟಿಲ್ಲ.

2. ದಂತಬಂಧ, ಅಂದರೆ ಜಿಪ್ಪು. 1893ರಲ್ಲಿ ವಿಟ್‌ಕಂಬ್ ಜಡ್ಸನ್ ಇದರ ಪ್ರಾಗ್ರೂಪಕ್ಕೆ ಪೇಟೆಂಟ್ ಪಡೆದನು, ಗಿಡಿಯನ್ ಸುಂಡ್‌ಬ್ಯಾಕ್ 1913ರಲ್ಲಿ ಇಂದಿನ ಹಲ್ಲುಸಾಲಿನ ರೂಪಕ್ಕೆ ತಂದನು, 1923ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿ ತನ್ನ ರಬ್ಬರ್ ಬೂಟುಗಳಿಗಾಗಿ 'ಜಿಪ್ಪರ್' ಎಂಬ ನಾಮಕರಣ ಮಾಡಿತು. ಉಪಭೇದಗಳು ಸಂವೃತಾಂತ ಮತ್ತು ವಿವೃತಾಂತ. ಬುಡ ಮುಚ್ಚಿರುವ ಪ್ಯಾಂಟು, ಚೀಲಗಳದ್ದು ಸಂವೃತಾಂತ. ಬುಡದಲ್ಲಿ ಎರಡು ಸಾಲುಗಳೂ ಬೇರೆಯಾಗಿಬಿಡುವ ಜಾಕೀಟಿನದ್ದು ವಿವೃತಾಂತ. ಪಟಗ್ರಂಥದ ಕರಡಿ ಜಾಕೀಟನ್ನೇ ತೊಟ್ಟಿದ್ದರೂ ಅದರ ಜಿಪ್ಪು ಸಾಮಾನ್ಯವಾಗಿ ಸಂವೃತಾಂತ. ಪರಿಣಾಮವಾಗಿ ಶಿಶುವು ಎಳೆಯುವ ವಿದ್ಯೆಯಲ್ಲಿ ಪಾರಂಗತವಾಗುತ್ತದೆ, ಸಣ್ಣ ಕಡ್ಡಿಯನ್ನು ಗೂಡಿನೊಳಗೆ ಸಿಕ್ಕಿಸುವ ಆರಂಭವಿದ್ಯೆಯ ಗಂಧವೂ ಅದಕ್ಕೆ ಸೋಕುವುದಿಲ್ಲ. ಮಧ್ಯವನ್ನು ಬಲ್ಲ, ಆದಿಯನ್ನರಿಯದ ಈ ಸ್ಥಿತಿಗೆ ಅನಾದಿಪಾಂಡಿತ್ಯವೆಂದು ಹೆಸರು.

3. ಕಂಟಕಬಂಧ, ಅಂದರೆ ವೆಲ್ಕ್ರೋ. 1941ರಲ್ಲಿ ಸ್ವಿಸ್ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ಆಲ್ಪ್ಸ್ ತಪ್ಪಲಲ್ಲಿ ಓಡಾಡಿ ಬಂದಾಗ ತನ್ನ ಉಡುಪಿಗೂ ನಾಯಿಯ ಮೈಗೂ ಅಂಟಿದ್ದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಂಡುಹಿಡಿದದ್ದು ಇದು. ನಮ್ಮಲ್ಲಿ ಉತ್ತರಾಣಿಯ ಪೊದೆಯ ಪಕ್ಕ ಹಾದುಬಂದವರ ಪಂಚೆಯಂಚಿಗೆ ಇದೇ ತತ್ತ್ವ ತಲೆತಲಾಂತರದಿಂದ ಅಂಟಿಕೊಂಡು ಬಂದಿದೆ. ಜನ ಅದನ್ನು ಕಿತ್ತು ಎಸೆದರೇ ಹೊರತು ಪೇಟೆಂಟ್ ಪಡೆಯಲಿಲ್ಲ. ಈ ಬಂಧದಲ್ಲಿ ಕೊಕ್ಕೆಗಳ ಪಟ್ಟಿಯೊಂದು, ಕುಣಿಕೆಗಳ ಪಟ್ಟಿಯೊಂದು. ಕೊಕ್ಕೆಗಳ ಪಟ್ಟಿ ತಲೆಗೂದಲು, ಉಣ್ಣೆ, ಚಾಪೆಯ ಎಳೆ ಇವುಗಳನ್ನು ಭೇದಭಾವವಿಲ್ಲದೆ ಸ್ವೀಕರಿಸುವುದರಿಂದ ಕೆಲಕಾಲಾನಂತರ ಕುಣಿಕೆಗಳನ್ನು ಸ್ವೀಕರಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೀಳುವಾಗ ಹೊರಡುವ ಚರ್ರೆಂಬ ಧ್ವನಿಯನ್ನು ಶಿಶುಗಳು ಬಂಧದ ಮುಖ್ಯಪ್ರಯೋಜನವೆಂದು ಭಾವಿಸುತ್ತವೆ. ಮೌನಸಾಧಕ ಪ್ರವಾಹದ ತಾಯಂದಿರು ಈ ಪುಟವನ್ನು ಪ್ರಾರ್ಥನೆಯ ಹೊತ್ತಿಗೆ ನಿಷಿದ್ಧವೆಂದು ಗಣಿಸುವುದು ಯುಕ್ತ.

4. ಸ್ಫೋಟಬಂಧ, ಅಂದರೆ ಟಿಚ್ ಬಟನ್. ವೈಯಾಕರಣರ ಸ್ಫೋಟವಾದದ ಪ್ರಕಾರ ಅರ್ಥವು ಬಿಡಿಬಿಡಿ ವರ್ಣಗಳಲ್ಲಿಲ್ಲ. ಕೊನೆಯ ವರ್ಣವು ಕೇಳಿಸಿದೊಡನೆ ಅಖಂಡವಾಗಿ ಹೊಳೆಯುತ್ತದೆ. ಟಿಚ್ ಬಟನ್ನಿನಲ್ಲಿ ಎರಡು ಬಿಲ್ಲೆಗಳು ಎಷ್ಟೇ ಸಮೀಪಿಸಿದರೂ, ಎಷ್ಟೇ ಒತ್ತಿದರೂ, 'ಟಿಚ್' ಎಂಬ ಧ್ವನಿ ಹೊರಡುವವರೆಗೆ ಬಂಧಾರ್ಥ ಸಿದ್ಧಿಸುವುದಿಲ್ಲ. ಹೆಸರೇ ಧ್ವನಿಯಾಗಿರುವ ಬಂಧ ಇದು. ಎಳೆಯ ಹೆಬ್ಬೆರಳಿಗೆ ಬೇಕಾದ ಒತ್ತಡ ಸಾಲದೆ ಬಂದರೆ ಶಿಶುವು ಆ ಧ್ವನಿಯನ್ನು ಬಾಯಿಂದಲೇ ಹೊರಡಿಸಿ ಮುಂದಿನ ಪುಟಕ್ಕೆ ಹೋಗುವುದನ್ನು ಈ ಲೇಖಕನು ಪ್ರತ್ಯಕ್ಷವಾಗಿ ಕಂಡಿದ್ದಾನೆ. ಇದು ಸ್ಫೋಟಾಭಾಸ.

5. ಜಿಹ್ವಾಬಂಧ, ಅಂದರೆ ಬೆಲ್ಟಿನ ಬಕಲ್. ಪಟ್ಟಿಯನ್ನು ತೂರಿಸಿ, ಹಿಂದಕ್ಕೆ ಎಳೆದು, ನಾಲಿಗೆಯನ್ನು ತೂತಿಗೆ ಇಳಿಸಿ, ಮತ್ತೆ ಮುಂದಕ್ಕೆ ತಳ್ಳಬೇಕು. ಮುಂದೆ ಹೋಗಲು ಮೊದಲು ಹಿಂದೆ ಬರಬೇಕೆಂಬ ಈ ವಿರೋಧಾಭಾಸವನ್ನು ಮೂರು ವರ್ಷದೊಳಗಿನ ಬುದ್ಧಿ ಒಪ್ಪುವುದಿಲ್ಲ. ಶಾಲೆಯ ಚೀಲಗಳಲ್ಲಿರುವ, ಎರಡು ಮಗ್ಗುಲನ್ನೂ ಅದುಮಿದರೆ ಬಿಡುವ ಪ್ಲಾಸ್ಟಿಕ್ ಬಕಲ್ ಇದರ ಉಪಭೇದ. ಹಾಕುವುದು ಸುಲಭ, ತೆಗೆಯುವುದು ದುಸ್ಸಾಧ್ಯ. ಬಂಧಷಟ್ಕದಲ್ಲಿ ಈ ಗುಣ ಇದಕ್ಕೊಂದಕ್ಕೇ ಉಂಟು.

6. ಸೂತ್ರಬಂಧ, ಅಂದರೆ ಲೇಸು, ಕಸೆ. ಇದರಲ್ಲಿ ಮೂರು ಹಂತ: ಕಣ್ಣಿನಿಂದ ಕಣ್ಣಿಗೆ ದಾರ ಪೋಣಿಸುವ ಪ್ರೋತ, ಅಡ್ಡ ಹಾಯಿಸಿ ಬಿಗಿಯುವ ಗ್ರಂಥಿ, ಕಿವಿಗಳನ್ನು ಮಾಡಿ ಎಳೆದರೆ ಬಿಚ್ಚುವಂತೆ ಕಟ್ಟುವ ಪುಷ್ಪಗ್ರಂಥಿ. ಮೊದಲನೆಯದಕ್ಕೆ ಮೂರು ವರ್ಷದ ಶಿಶುವೂ ಅಧಿಕಾರಿ. ಮೂರನೆಯದು ಐದಾರು ವರ್ಷಕ್ಕೆ ಮುನ್ನ ಸಿದ್ಧಿಸುವುದು ಅಪರೂಪ. ಎರಡು ವರ್ಷದವರಿಗೆಂದು ಮಾರುವ ಗ್ರಂಥದಲ್ಲಿ ಪುಷ್ಪಗ್ರಂಥಿಯ ಪುಟವಿರುವುದು, ಅಕ್ಷರಮಾಲೆಯ ಕೊನೆಯಲ್ಲಿ ಷಟ್ಪದಿಯ ಲಕ್ಷಣ ಹೇಳಿದಂತೆ. ಗ್ರಂಥದ ಬೂಟಿಗೆ ಲೇಸು ಹಾಕಿದ ಹಿರಿಯರೇ ಅದನ್ನು ಕಟ್ಟುತ್ತಾರೆ, ಶಿಶುವು ಬಿಚ್ಚುತ್ತದೆ, ಹಿರಿಯರು ಮತ್ತೆ ಕಟ್ಟುತ್ತಾರೆ. ಈ ಪುಟದಲ್ಲಿ ಹಿರಿಯರ ಕೌಶಲ ಗಣನೀಯವಾಗಿ ಬೆಳೆಯುತ್ತದೆ.

ಆರು: ಸಂಧಿಪ್ರಕರಣ

ಬಂಧನದ ಸ್ಖಲನಗಳು ಅಸಂಖ್ಯವೆಂದು ತೋರಿದರೂ ಕನ್ನಡ ವ್ಯಾಕರಣದ ಸಂಧಿಕಾರ್ಯಗಳಲ್ಲಿ ಅವೆಲ್ಲವೂ ಅಡಗುತ್ತವೆ. ಎರಡು ಅಂಚುಗಳು ಕೂಡುವೆಡೆಯೇ ಸಂಧಿಯಾದ್ದರಿಂದ ಇದು ಉಪಮೆಯಲ್ಲ, ವ್ಯಾಪ್ತಿವಿಸ್ತರಣೆ.

ಲೋಪಸಂಧಿ: ಕೂಡುವಾಗ ಒಂದು ಇಲ್ಲವಾಗುವುದು. 'ಊರೂರು' ಎಂಬಲ್ಲಿ ಸ್ವರ ಲೋಪವಾದಂತೆ, ಎಳೆದಾಟದಲ್ಲಿ ಗುಂಡಿ ಕಿತ್ತು ಹೋಗಿ ಕಾಜ ಒಂಟಿಯಾಗುವುದು. ಆಗಮಸಂಧಿ: ಇಲ್ಲದ್ದು ಹೊಸದಾಗಿ ಬರುವುದು. 'ಮನೆಯನ್ನು' ಎಂಬಲ್ಲಿ ಯಕಾರ ಬಂದಂತೆ, ಆರಂಭದಲ್ಲಿ ಒಂದು ಕಾಜ ತಪ್ಪಿದರೆ ಅಂತ್ಯದಲ್ಲಿ ಒಂದು ತುದಿಗೆ ಗುಂಡಿಯೂ ಮತ್ತೊಂದು ತುದಿಗೆ ಕಾಜವೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಗುಂಡಿಗಳ ಸಂಖ್ಯೆಯೂ ಕಾಜಗಳ ಸಂಖ್ಯೆಯೂ ಸಮವಾಗಿದ್ದೂ ಎರಡೂ ಮಿಗುವುದು ಹೇಗೆಂಬುದು ಗಣಿತಜ್ಞರು ವಿಚಾರಿಸತಕ್ಕ ಸಂಗತಿ. ಆದೇಶಸಂಧಿ: ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದು. 'ಮಳೆಗಾಲ'ದಲ್ಲಿ ಕಕಾರಕ್ಕೆ ಗಕಾರ ಬಂದಂತೆ, ಕಳೆದ ಗುಂಡಿಯ ಸ್ಥಾನದಲ್ಲಿ ಅಮ್ಮನ ಬಳೆಯಿಂದ ಸೇಫ್ಟಿ ಪಿನ್ನು ಬರುವುದು. ಇದು 1849ರಲ್ಲಿ ವಾಲ್ಟರ್ ಹಂಟ್ ಪೇಟೆಂಟ್ ಪಡೆದ ವಸ್ತು; ಆದರೆ ಬಳೆಗೆ ಸಿಕ್ಕಿಸಿಕೊಳ್ಳುವ ಸಂಗ್ರಹಕ್ರಮ ನಮ್ಮವರದೇ. ಕಡೆಯದಾಗಿ ಪ್ರಕೃತಿಭಾವ: ಸಂಧಿಗೆ ಅವಕಾಶವಿದ್ದೂ ಸಂಧಿಯಾಗದೆ ಇದ್ದ ಹಾಗೆಯೇ ಇರುವುದು. ಅಂಗಿ ಬಿಚ್ಚಿಕೊಂಡೇ ಅಂಗಳಕ್ಕೆ ಓಡಿಹೋದ ಮಗು ಪ್ರಕೃತಿಭಾವಕ್ಕೆ ಉದಾಹರಣೆ.

ಏಳು: ಅಭಾವಪ್ರಕರಣ

ವೈಶೇಷಿಕರು ಅಭಾವವನ್ನೂ ಪದಾರ್ಥವೆಂದು ಎಣಿಸಿ ನಾಲ್ಕಾಗಿ ವಿಂಗಡಿಸಿದ್ದಾರೆ. ಗುಂಡಿಯಲ್ಲಿ ನಾಲ್ಕೂ ಸಿಗುತ್ತವೆ. ದರ್ಜಿ 'ನಾಳೆ ಬನ್ನಿ' ಎಂದು ಹೇಳುತ್ತಿರುವ ತನಕ ಅಂಗಿಯಲ್ಲಿರುವುದು ಗುಂಡಿಯ ಪ್ರಾಗಭಾವ. ಕಿತ್ತುಹೋದ ಮೇಲೆ ಇರುವುದು ಪ್ರಧ್ವಂಸಾಭಾವ. ಟೀ ಶರ್ಟಿನಲ್ಲಿರುವುದು ಅತ್ಯಂತಾಭಾವ. ಕಳೆದ ಬಿಳಿ ಗುಂಡಿಗೆ ಬದಲಾಗಿ ಡಬ್ಬಿಯಲ್ಲಿ ಸಿಕ್ಕಿದ ನೀಲಿ ಗುಂಡಿ ಹೊಲಿದಾಗ, ಇದು ಅದಲ್ಲ ಎಂಬ ಅನ್ಯೋನ್ಯಾಭಾವ.

ಇವುಗಳಲ್ಲಿ ಪ್ರಧ್ವಂಸಾಭಾವ ಭಯಂಕರ; ಧ್ವಂಸವಾದ ಗುಂಡಿಯ ಮುಂದಿನ ನೆಲೆ ಶಿಶುವಿನ ಬಾಯಿ. ಇಲ್ಲಿ ಪಟಗ್ರಂಥವು ಗ್ರಂಥವೋ ಆಟಿಕೆಯೋ ಎಂಬ ಪ್ರಶ್ನೆ ಏಳುತ್ತದೆ. ಬಾಯಿಗೆ ಹೋಗುವ ದೃಷ್ಟಿಯಿಂದ ಅದು ಆಟಿಕೆಯೇ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮೂರು ವರ್ಷದೊಳಗಿನವರ ಆಟಿಕೆಯಿಂದ ಕಳಚಿಬರುವ ಚೂರನ್ನು ಅಳೆಯಲು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯುಂಟು. ಅದರೊಳಗೆ ಪೂರ್ತಿಯಾಗಿ ಅಡಗುವ ಚೂರು ಅಪಾಯಕರವೆಂದು ನಿರ್ಣಯ. ಸಾಮಾನ್ಯ ಅಂಗಿಯ ಗುಂಡಿ ಸುಮಾರು 11 ಮಿಲಿಮೀಟರ್. ಆದ್ದರಿಂದ ಪಟಗ್ರಂಥಕಾರರು ಗುಂಡಿಯನ್ನು ದೊಡ್ಡದು ಮಾಡುತ್ತಾರೆ, ಭದ್ರವಾಗಿ ಹೊಲಿಯುತ್ತಾರೆ. ಈ ವಿವೇಕ ಶ್ಲಾಘ್ಯ. ಆದರೆ ಶಿಶು ಅಭ್ಯಾಸ ಮಾಡುವುದು ಸ್ಥೂಲಗುಂಡಿಯಲ್ಲಿ, ಅದರ ಅಂಗಿಯಲ್ಲಿರುವುದು ಸೂಕ್ಷ್ಮಗುಂಡಿ. ಆನೆಯ ಮೇಲೆ ಕಲಿತ ಸವಾರಿಯನ್ನು ಆಡಿನ ಮೇಲೆ ಪರೀಕ್ಷಿಸಿದಂತಾಗುತ್ತದೆ.

ಗ್ರಂಥದಲ್ಲಿಯೇ ಇಲ್ಲದ ಪುಟಗಳ ಅಭಾವವನ್ನೂ ಹೇಳಬೇಕು. ಲಾಡಿಯ ಪುಟವಿಲ್ಲ, ಲಾಡಿ ಒಳಕ್ಕೆ ಸರಿದುಹೋದಾಗ ಪಿನ್ನಿಗೆ ಸಿಕ್ಕಿಸಿ ನೇಫೆಯೊಳಗೆ ಸುತ್ತುಹಾಕಿಸಿ ಹೊರತರುವ ವಿದ್ಯೆಯ ಪುಟವಂತೂ ಇಲ್ಲವೇ ಇಲ್ಲ. ಉಡಿದಾರದ ಪುಟವಿಲ್ಲ. ಇವೆಲ್ಲಕ್ಕಿಂತ ಗುರುತರವಾದದ್ದು ತೋಳಿನ ಮತ್ತು ಕುತ್ತಿಗೆಯ ಅಭಾವ. ಬಟ್ಟೆ ತೊಡುವಾಗ ಶಿಶುವು ನಿಜವಾಗಿ ಅಳುವುದು ಗುಂಡಿಯಲ್ಲಲ್ಲ. ಟೀ ಶರ್ಟಿನೊಳಗೆ ತಲೆ ಸಿಕ್ಕಿ ಲೋಕ ಕತ್ತಲಾದಾಗ, ಎರಡು ಕಾಲೂ ಚಡ್ಡಿಯ ಒಂದೇ ಕಾಲಿಗೆ ಇಳಿದಾಗ. ಪುಟಕ್ಕೆ ಎರಡೇ ಆಯಾಮವಾದ್ದರಿಂದ ಈ ಕತ್ತಲೆಯನ್ನು ಅದರಲ್ಲಿ ಹೊಲಿಯಲಾಗುವುದಿಲ್ಲ.

ಎಂಟು: ಕ್ರಮಪ್ರಕರಣ

ಪರಿಧಾನಕ್ಕಿಂತ ವಿಸರ್ಜನ ಮೊದಲು ಎಂಬುದು ಈ ಶಾಸ್ತ್ರದ ಮೂಲಸೂತ್ರ. ಒಂದು ವರ್ಷ ತುಂಬಿದ ಆಸುಪಾಸಿನಲ್ಲಿ ಶಿಶು ಕಾಲುಚೀಲವನ್ನು ಎಳೆದು ಎಸೆಯುತ್ತದೆ, ಎರಡರ ಹೊತ್ತಿಗೆ ದೊಡ್ಡ ಜಿಪ್ಪನ್ನು ಇಳಿಸುತ್ತದೆ, ಮೂರರ ಹೊತ್ತಿಗೆ ದೊಡ್ಡ ಗುಂಡಿಗಳನ್ನು ಹಾಕತೊಡಗುತ್ತದೆ, ಐದಾರಕ್ಕೆ ಲೇಸು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಈ ಕ್ರಮವನ್ನೇ ಸಾರುತ್ತದೆ. ಆದ್ದರಿಂದ ಪಟಗ್ರಂಥವನ್ನು ಎಲ್ಲ ಬಂಧಗಳನ್ನೂ ಹಾಕಿದ ಸ್ಥಿತಿಯಲ್ಲಿ ಕೊಡುವುದೇ ಶಾಸ್ತ್ರೀಯ. ಕಲಿಸುವಾಗ ಅಂತ್ಯಾದಿಕ್ರಮ ಉತ್ತಮ: ಗುಂಡಿಯನ್ನು ಮುಕ್ಕಾಲು ಭಾಗ ಹಿರಿಯರು ತೂರಿಸಿ, ಕೊನೆಯ ಸೆಳೆತವನ್ನು ಮಾತ್ರ ಶಿಶುವಿಗೆ ಬಿಡುವುದು, ಅದು ಸಿದ್ಧಿಸಿದ ಮೇಲೆ ಅರ್ಧ, ಆಮೇಲೆ ಕಾಲು. ಪ್ರತಿಸಲವೂ ಕೆಲಸ ಮುಗಿಸಿದ ತೃಪ್ತಿ ಶಿಶುವಿನ ಪಾಲಿಗೆ ಉಳಿಯುವುದರಿಂದ ಮಕ್ಕಳ ಚಿಕಿತ್ಸಾತಜ್ಞರೂ ಇದನ್ನೇ ಅನುಸರಿಸುತ್ತಾರೆ.

ಈ ಕ್ರಮಕ್ಕೆ ವಿಘ್ನಕಾರಕರಾದ ಹಿರಿಯರು ಮೂರು ವಿಧ. ಶಿಶುವಿನ ಬೆರಳು ಗುಂಡಿಯನ್ನು ಮುಟ್ಟುವ ಮುನ್ನವೇ ಹಾಕಿ ಮುಗಿಸುವವರು ತ್ವರಿತಹಸ್ತರು. 'ಹೀಗಲ್ಲ, ಹಾಗೆ, ಹಾಗಲ್ಲ, ಹೀಗೆ' ಎಂದು ಕೈಕಟ್ಟಿ ನಿಂತು ಹೇಳುವವರು ಭಾಷ್ಯಕಾರರು. ಗುಂಡಿ ಅರ್ಧ ತೂರಿದಾಗ 'ತಡಿ ಪುಟ್ಟಿ, ಈಕಡೆ ನೋಡು' ಎಂದು ಮೊಬೈಲ್ ಹಿಡಿಯುವವರು ಚಿತ್ರಗ್ರಾಹಿಗಳು. ಒಬ್ಬರೇ ಮೂರೂ ಆಗಿರುವುದು ಅಜ್ಜಂದಿರಲ್ಲಿ ಸರ್ವೇಸಾಮಾನ್ಯ.

ಒಂಬತ್ತು: ನಿರೀಕ್ಷಣೆ ಮತ್ತು ದೋಷೋದ್ಘಾಟನ

ಶಿಶು: ಲೇಖಕನ ಮಗಳ ಮಗಳು. ವಯಸ್ಸು: ಎರಡು ವರ್ಷ ಹತ್ತು ತಿಂಗಳು. ಸ್ಥಳ: ನಡುಮನೆಯ ಚಾಪೆ. ವೇಳೆ: ಬೆಳಗಿನ 7 ಗಂಟೆ 40 ನಿಮಿಷ. ಗ್ರಂಥ: ಎಂಟು ಪುಟದ ಫೆಲ್ಟ್ ಪುಸ್ತಕ, ಕರಡಿಯ ಅಂಗಿಗೆ ನಾಲ್ಕು ಗುಂಡಿ. ಶಿಶುವು ನಾಲಿಗೆಯನ್ನು ತುಟಿಯ ಬಲಮೂಲೆಗೆ ಒತ್ತಿಹಿಡಿದು, ಉಸಿರು ಬಿಗಿಹಿಡಿದು, ಕರಡಿಯ ನಾಲ್ಕೂ ಗುಂಡಿಗಳನ್ನು ಮೇಲಿನಿಂದ ಕೆಳಗೆ ಕ್ರಮವಾಗಿ, ನಿರ್ದೋಷವಾಗಿ ಹಾಕಿತು. ಅನಂತರ ಶಿಶುವಿಹಾರದ ಅಂಗಿಯನ್ನು ಅದಕ್ಕೆ ತೊಡಿಸಲಾಯಿತು. ಅದಕ್ಕೂ ನಾಲ್ಕೇ ಗುಂಡಿ, ನಾಲ್ಕೇ ಕಾಜ.

'ನಾನು ಹಾಕಲೇನಮ್ಮಾ?' ಎಂದು ಕೇಳಲಾಯಿತು. 'ಬೇಡ ತಾತ, ನಾನೇ' ಎಂಬ ಉತ್ತರ ಬಂತು. 'ನಾನೇ' ಎಂಬ ಪದದ ಕೊನೆಯ ಏಕಾರ ಅವಧಾರಣಾರ್ಥಕ. ಅವಧಾರಣೆಯಲ್ಲಿ ಅನ್ಯಯೋಗವ್ಯವಚ್ಛೇದವೆಂಬುದೊಂದುಂಟು: ಹೇಳಿದ್ದರ ಹೊರತು ಇನ್ನೊಂದರ ಸಂಪರ್ಕವನ್ನು ನಿವಾರಿಸುವುದು. ಇಲ್ಲಿ ನಿವಾರಿತವಾದದ್ದು ತಾತನ ಕೈ.

ಶಿಶು ತಲೆ ಬಗ್ಗಿಸಿತು. ಕರಡಿಯ ಮೊದಲ ಗುಂಡಿ ಎದುರಿಗೇ ಇತ್ತು. ತನ್ನ ಮೊದಲ ಗುಂಡಿ ಗಲ್ಲದ ಕೆಳಗೆ ಅಡಗಿತ್ತು. ಕಾಣದ್ದನ್ನು ಬಿಟ್ಟು ಕಾಣುವ ಕೆಳಗಿನ ಗುಂಡಿಯಿಂದ ಆರಂಭಿಸಿತು. ಅದನ್ನು ಹಾಕಿದ್ದು ಮೂರನೆಯ ಕಾಜಕ್ಕೆ. ಅಲ್ಲಿಂದ ಮುಂದಿನದೆಲ್ಲ ಪೂರ್ಣ ತರ್ಕಬದ್ಧ ಆಗಮಸಂಧಿ.

ದೋಷವೆಲ್ಲಿ? ಶಿಶುವಿನಲ್ಲಿ ಅಲ್ಲ, ಬೆರಳಿನಲ್ಲಿ ಅಲ್ಲ, ದಿಕ್ಕಿನಲ್ಲಿ. ಪಟಗ್ರಂಥದ ಕರಡಿ ಶಿಶುವಿಗೆ ಎದುರಾಗಿ ಮಲಗಿದೆ. ಅದರ ಕೊರಳು ದೂರ, ಅಂಚು ಹತ್ತಿರ, ಅದರ ಬಲ ಶಿಶುವಿನ ಎಡ. ಶಿಶುವಿನ ಸ್ವಂತ ಅಂಗಿಯಲ್ಲಾದರೋ ಕೊರಳು ಹತ್ತಿರ, ಅಂಚು ದೂರ, ಬಲ ಬಲವೇ. ಗ್ರಂಥವು ಕಲಿಸುವುದು ಇನ್ನೊಬ್ಬರಿಗೆ ಅಂಗಿ ತೊಡಿಸುವ ವಿದ್ಯೆಯನ್ನು. ಅದನ್ನು ಆಮೂಲಾಗ್ರವಾಗಿ ಕಲಿತವರು ತಾಯಿ, ಅಜ್ಜಿ, ತಾತ ಆಗುವುದಕ್ಕೆ ಸಿದ್ಧರಾಗುತ್ತಾರೆ. ಶಿಶುವಾಗಿ ಅಂಗಿ ತೊಡಲು ಅಲ್ಲ. ಮೇಲಾಗಿ ಕರಡಿಯ ಅಂಗಿಯೊಳಗೆ ದೇಹವಿಲ್ಲ. ಅದು ಉಸಿರಾಡುವುದಿಲ್ಲ, ಹೊಟ್ಟೆ ಮುಂದೆ ಬರುವುದಿಲ್ಲ, 'ಉಪ್ಪಿಟ್ಟು ಸಾಕು' ಎಂದು ನಡುವೆ ಎದ್ದು ಹೋಗುವುದಿಲ್ಲ. ಲಕ್ಷಣದಲ್ಲಿ ಹೇಳಿದ 'ಧರಿಸಲು ಬಾರದ್ದು' ಎಂಬ ವಿಶೇಷಣವೇ ಗ್ರಂಥದ ಸ್ವರೂಪವೂ ಹೌದು, ಅದರ ಮಿತಿಯೂ ಹೌದು.

ಹತ್ತು: ನಿರ್ಣಯ

ಹೀಗಿದ್ದ ಮಾತ್ರಕ್ಕೆ ಪಟಗ್ರಂಥ ತ್ಯಾಜ್ಯವಲ್ಲ. ಹಸ್ತಾಂತರಕ್ಷಣವನ್ನು ಅದು ಬೆರಳಿಗೆ ಪರಿಚಯಿಸುತ್ತದೆ. ಅದನ್ನು ಅಂಗಿಯಲ್ಲೇ ಮೊದಲು ಕಲಿಯಹೊರಟರೆ ಶಿಶುವಿಹಾರದ ವ್ಯಾನು ಕಾಯುವುದಿಲ್ಲ. ಆದುದರಿಂದ ಮೂರು ವಿಧಿಗಳನ್ನು ಇಲ್ಲಿ ಸ್ಥಾಪಿಸಲಾಗಿದೆ. ಒಂದು: ಗ್ರಂಥವನ್ನು ಶಿಶುವಿನ ಮಡಿಲಲ್ಲಿ ತಲೆಕೆಳಗಾಗಿ, ಕರಡಿಯ ಕೊರಳು ಶಿಶುವಿನ ಹೊಟ್ಟೆಯ ಕಡೆಗೆ ಬರುವಂತೆ ಇಡತಕ್ಕದ್ದು, ಆಗ ಕರಡಿಯ ಅಂಗಿಯೂ ಶಿಶುವಿನ ಅಂಗಿಯೂ ಒಂದೇ ದಿಕ್ಕಿಗೆ ಬರುತ್ತವೆ. ಇದಕ್ಕೆ ವಿಪರ್ಯಸ್ತಪಠನವೆಂದು ಹೆಸರು. ಎರಡು: ಗ್ರಂಥ ಕೈವಶವಾದ ಮೇಲೆ ಅಣ್ಣನ ಅಥವಾ ಅಕ್ಕನ ಹಳೆಯ, ಎರಡು ಅಳತೆ ದೊಡ್ಡದಾದ, ದೊಡ್ಡ ಗುಂಡಿಯ ಅಂಗಿಯನ್ನು ರಜೆಯ ದಿನ ಅಭ್ಯಾಸಕ್ಕೆ ಕೊಡತಕ್ಕದ್ದು. ಮೂರು: ಶಿಶುವನ್ನು ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಎಬ್ಬಿಸತಕ್ಕದ್ದು, ಪೆಟ್ಟಿಗೆಯ ಮೇಲೆ ಎಲ್ಲೂ ಮುದ್ರಿತವಾಗಿರದ, ಆದರೆ ಉಳಿದೆರಡೂ ಅವಲಂಬಿಸಿರುವ ವಿಧಿ ಇದು.

ಈ ಪ್ರವೇಶಿಕೆ ಮುಗಿಯುವ ವೇಳೆಗೆ ವ್ಯಾನು ಬೀದಿಯ ತಿರುವಿಗೆ ಬಂದಿದೆ. ಶಿಶುವಿನ ಅಂಗಿಯ ಮೂರನೆಯ ಗುಂಡಿ ಎರಡನೆಯ ಕಾಜದಲ್ಲಿದೆ. ಅದನ್ನು ಹಾಗೆಯೇ ಇರಲು ಬಿಡಲಾಗಿದೆ.